ರೈಲು ಓಡುತ್ತದೆ, ನಿಲ್ದಾಣಕ್ಕೆ ಬೀಗ: ಚಿಕ್ಕಬಳ್ಳಾಪುರ ಮಾರ್ಗದ ಹಳೆಯ ನಿಲ್ದಾಣಗಳ ಕಥೆ

ಹಳಿಪಥಿಕ

ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರದ ಕಡೆಗೆ ರೈಲಿನಲ್ಲಿ ಹೋದವರು ಆವತಿಹಳ್ಳಿ ಮತ್ತು ನಂದಿಯ ಹಳೆಯ ನಿಲ್ದಾಣಗಳನ್ನು ಕಿಟಕಿಯಿಂದಲಾದರೂ ನೋಡಿರುತ್ತೀರಿ. ಕಲ್ಲಿನ ಗೋಡೆ, ಇಳಿಜಾರಾದ ಹೆಂಚಿನ ಸೂರು, ಎರಡು ಮೂರು ಕೋಣೆಗಳ ಪುಟ್ಟ ಕಟ್ಟಡಗಳು. 1915ರಲ್ಲಿ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಆರಂಭವಾದ ಕಾಲದವು. ದೊಡ್ಡಜಾಲ ಮತ್ತು ದೇವನಹಳ್ಳಿಯ ಹಳೆಯ ಕಟ್ಟಡಗಳೂ ಇದೇ ಬಳಗಕ್ಕೆ ಸೇರಿದವು.

ನನ್ನನ್ನು ಕಾಡುವ ಪ್ರಶ್ನೆ ಇಷ್ಟೇ. ಪಾಳುಬಿದ್ದ ನಿಲ್ದಾಣ ಎಂದರೆ ಹಳಿ ಕಿತ್ತುಹೋಗಿರಬೇಕು, ಮಾರ್ಗದ ಮೇಲೆ ಜಾಲಿ ಬೆಳೆದಿರಬೇಕು. ಇಲ್ಲಿ ಹಾಗಿಲ್ಲ. ಹಳಿ ಇದೆ, ಅದೂ ಮೊದಲಿಗಿಂತ ಅಗಲವಾದ ಹಳಿ. ಮೇಲೆ ವಿದ್ಯುತ್ ತಂತಿಯೂ ಬಂದಿದೆ. ಹಾಗಿದ್ದೂ ಈ ಕಟ್ಟಡಗಳು ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತದ್ದು ಏಕೆ? "ಬಸ್ಸು ಬಂತು, ರೈಲು ಹೋಯಿತು" ಎಂಬ ಒಂದು ಸಾಲಿನ ಉತ್ತರ ನನಗೆ ಸಾಲದು. ಬಲ್ಲವರು ವಿವರವಾಗಿ ಬರೆಯಿರಿ. ಹಳೆಯ ದಿನಗಳೇ ಚೆನ್ನಾಗಿದ್ದವು ಎಂಬ ನಿಟ್ಟುಸಿರುಗಳಿಗೆ ಬೇರೆ ಜಾಗಗಳು ಬೇಕಾದಷ್ಟಿವೆ.

ಗೂಡ್ಸ್‌ಶೆಡ್

ಮೊದಲು ಈ ಮಾರ್ಗ ಹುಟ್ಟಿದ್ದು ಹೇಗೆ ಎಂದು ನೋಡಬೇಕು. ಸಾವಿನ ಕಾರಣ ಅರ್ಧ ಅಲ್ಲೇ ಇದೆ.

ಬೆಂಗಳೂರು ದಂಡು ಪ್ರದೇಶಕ್ಕೆ ಜೋಲಾರಪೇಟೆಯಿಂದ ಬ್ರಾಡ್‌ಗೇಜ್, ಎಂದರೆ ಅಗಲ ಹಳಿ, ಬಂದದ್ದು 1864ರಲ್ಲಿ. ಆ ಮೇಲೆ 1876–78ರ ಭೀಕರ ಬರ. ಬರ ಪರಿಹಾರದ ಕಾಮಗಾರಿಯಾಗಿ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಶುರುವಾಗಿ 1882ರಲ್ಲಿ ಮೈಸೂರು ಮುಟ್ಟಿತು. ಗದ್ದಲವಿಲ್ಲದೆ ಹೀಗೆ ಒಂದು ತೊಡಕು ಸೃಷ್ಟಿಯಾಯಿತು: ಬೆಂಗಳೂರಿನ ಪೂರ್ವಕ್ಕೆ ಒಂದು ಅಳತೆಯ ಹಳಿ, ಪಶ್ಚಿಮಕ್ಕೆ ಇನ್ನೊಂದು ಅಳತೆಯದು. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಸೀಮೆಗೆ ಎರಡೂ ಇಲ್ಲ. ಕೋಲಾರ ಜಿಲ್ಲಾ ಕೇಂದ್ರವೇ ಮುಖ್ಯ ಮಾರ್ಗದಿಂದ ಹೊರಗೆ ಉಳಿದಿತ್ತು. ಚಿನ್ನದ ಗಣಿಗೆ ಮಾತ್ರ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, 1894ರಲ್ಲೇ ಕವಲು ಹಳಿ ಬಿದ್ದಿತ್ತು. ಚಿನ್ನಕ್ಕೆ ಇದ್ದ ಅವಸರ ಹುಣಸೆಹಣ್ಣಿಗೂ ಆಲೂಗಡ್ಡೆಗೂ ಇರಲಿಲ್ಲ, ಏನು ಮಾಡುವುದು!

1913ರಲ್ಲಿ ಬೌರಿಂಗ್‌ಪೇಟೆ–ಕೋಲಾರದ ನಡುವೆ ಸುಮಾರು 18 ಕಿ.ಮೀ. ಉದ್ದದ ನ್ಯಾರೋಗೇಜ್ ತೆರೆಯಿತು. 1915ರಲ್ಲಿ ಬೆಂಗಳೂರಿನ ಕಡೆಯಿಂದ, ಯಶವಂತಪುರ–ಯಲಹಂಕ–ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೆ ಇನ್ನೊಂದು ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ನಡುವಿನ ಭಾಗವೂ ಸೇರಿಕೊಂಡಿತು. ಇದೆಲ್ಲ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912–18ರ ಅವಧಿಯ ಕೆಲಸ. ಮೈಸೂರು ಸಂಸ್ಥಾನದ ಬೊಕ್ಕಸ ಎಲ್ಲ ಊರುಗಳಿಗೂ ಹಳಿ ಹಾಸುವಷ್ಟು ದೊಡ್ಡದಾಗಿರಲಿಲ್ಲ. ಆದ್ದರಿಂದ ಎರಡು ಉಪಾಯಗಳು ಬಳಕೆಗೆ ಬಂದವು. ಜಿಲ್ಲಾ ಬೋರ್ಡುಗಳು ರೈಲ್ವೆ ಸೆಸ್ ಎತ್ತುವುದು ಒಂದು. ಸರ್ಕಾರದ ಬೆಂಬಲದೊಂದಿಗೆ ಖಾಸಗಿ ಬಂಡವಾಳದ ಕಂಪನಿ ಕಟ್ಟುವುದು ಇನ್ನೊಂದು. ಚಿಕ್ಕಬಳ್ಳಾಪುರದ ಲೈಟ್ ರೈಲ್ವೆ ಎರಡನೆಯ ಬಗೆಯದು.

ಹಣ ಕಡಿಮೆ ಎಂದ ಮೇಲೆ ಹಳಿಯೂ ಕಿರಿದು. 762 ಮಿ.ಮೀ., ಎಂದರೆ ಎರಡೂವರೆ ಅಡಿ. ಹಗುರ ಹಳಿ ಸಾಕು, ತಿರುವು ಕಡಿದಾಗಿದ್ದರೂ ನಡೆಯುತ್ತದೆ, ಆದ್ದರಿಂದ ಗುಡ್ಡ ಕಡಿಯುವ, ಏರಿ ಕಟ್ಟುವ ಖರ್ಚು ಉಳಿಯುತ್ತದೆ.

ಈಗ ನಕ್ಷೆಯನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಒಂದು ತುದಿ ಯಶವಂತಪುರ: ಅಲ್ಲಿ ಮೀಟರ್‌ಗೇಜ್, 1000 ಮಿ.ಮೀ. ಇನ್ನೊಂದು ತುದಿ ಬಂಗಾರಪೇಟೆ: ಅಲ್ಲಿ ಬ್ರಾಡ್‌ಗೇಜ್, 1676 ಮಿ.ಮೀ. ನಡುವೆ ನಮ್ಮ ಈ ಪುಟ್ಟ ಹಳಿ. ಎರಡು ತುದಿಗಳಲ್ಲಿ ಯಾವುದರಲ್ಲೂ ವ್ಯಾಗನ್ ನೇರವಾಗಿ ಮುಂದೆ ಹೋಗುವಂತಿಲ್ಲ. ಪ್ರತಿ ಮೂಟೆಯನ್ನೂ ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ತಲೆಹೊರೆಯಲ್ಲಿ ಏರಿಸಬೇಕು.

ಚಿಂತಾಮಣಿಯವ

ಗೂಡ್ಸ್‌ಶೆಡ್ ಅವರ ಕೊನೆಯ ಮಾತು ನೂರಕ್ಕೆ ನೂರು ನಿಜ. ನಮ್ಮ ಮನೆಯಲ್ಲಿ ಮಂಡಿ ವ್ಯಾಪಾರ ಇತ್ತು. ತಾತ ಹೇಳುತ್ತಿದ್ದುದು: ರೈಲಿನ ಬಾಡಿಗೆ ಕಡಿಮೆಯೇ, ಆದರೆ ಹಮಾಲಿ ಎರಡು ಸಲ, ಮೂಟೆ ಒಡೆಯುವುದು ಎರಡು ಸಲ, ಕಾಯುವುದು ಮಾತ್ರ ಲೆಕ್ಕವಿಲ್ಲ. ಲಾರಿ ಮಂಡಿಯ ಬಾಗಿಲಲ್ಲೇ ಹೊರೆ ಹೇರಿಕೊಂಡು ಬೆಂಗಳೂರಿನ ಅಂಗಡಿಯ ಬಾಗಿಲಲ್ಲೇ ಇಳಿಸುತ್ತಿತ್ತು. ಇನ್ನೇನು ಬೇಕು?

ಆದ್ದರಿಂದ ಹಳಿಪಥಿಕರೇ, ನಿಮಗೆ ಬೇಸರವಾದರೂ ಸರಿ, ನನ್ನ ಉತ್ತರ ಒಂದೇ ಸಾಲಿನದು. ರಸ್ತೆಯೇ ಈ ನಿಲ್ದಾಣಗಳನ್ನು ಮುಚ್ಚಿಸಿತು.

ನಿವೃತ್ತ ಮಾಸ್ತರ್

ರಸ್ತೆ ಸರಕನ್ನು ಕಿತ್ತುಕೊಂಡಿತು, ಒಪ್ಪುತ್ತೇನೆ. ನಿಲ್ದಾಣವನ್ನು ಮುಚ್ಚಿಸಿದ್ದು ಅದಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಸ್ಟೇಷನ್ ಮಾಸ್ತರನಾಗಿ ಕೆಲಸ ಮಾಡಿದವನ ಮಾತು ಇದು, ಸ್ವಲ್ಪ ತಾಳ್ಮೆಯಿಂದ ಓದಿ.

ಹಳ್ಳಿಯ ನಿಲ್ದಾಣದಲ್ಲಿ ಮಾಸ್ತರ್ ಕುಳಿತಿರುವುದು ಟಿಕೆಟ್ ಕೊಡುವುದಕ್ಕೆ ಎಂದು ಊರಿನವರು ತಿಳಿದಿರುತ್ತಾರೆ. ಟಿಕೆಟ್ ಎನ್ನುವುದು ಅವನ ಕೆಲಸದ ಸಣ್ಣ ತುಣುಕು. ಒಂಟಿ ಹಳಿಯ ಮಾರ್ಗದಲ್ಲಿ ಎದುರುಬದುರು ಬರುವ ಎರಡು ರೈಲುಗಳು ಎಲ್ಲೋ ಒಂದು ಕಡೆ ಒಂದನ್ನೊಂದು ದಾಟಬೇಕಲ್ಲವೇ? ಆ ದಾಟುವ ಜಾಗವೇ ನಿಲ್ದಾಣ. ಅದನ್ನು ಕ್ರಾಸಿಂಗ್ ಎನ್ನುತ್ತೇವೆ. ಮುಖ್ಯ ಹಳಿಯ ಪಕ್ಕದಲ್ಲಿ ಒಂದು ಲೂಪ್, ಎಂದರೆ ಕವಲೊಡೆದು ಮತ್ತೆ ಕೂಡುವ ಹಳಿ; ಎರಡೂ ತುದಿಗೆ ಗಾಡಿಯನ್ನು ಹಳಿಯಿಂದ ಹಳಿಗೆ ತಿರುಗಿಸುವ ಪಾಯಿಂಟ್‌ಗಳು, ಸಿಗ್ನಲ್ ತೋರುವ ಕೈಮರಗಳು, ಅವನ್ನು ಎಳೆಯಲು ಪಾಯಿಂಟ್ಸ್‌ಮನ್. ಮಾಸ್ತರ್ ಎಂದರೆ ಪಕ್ಕದ ನಿಲ್ದಾಣದ ಮಾಸ್ತರನೊಂದಿಗೆ ಮಾತನಾಡಿ, ಲೈನ್ ಖಾಲಿ ಇದೆ ಎಂದು ಖಚಿತಪಡಿಸಿಕೊಂಡು, ರೈಲಿಗೆ ಮುಂದೆ ಹೋಗುವ ಅಧಿಕಾರ ಕೊಡುವವನು.

ನಾನು ದುಡಿದ ಮೀಟರ್‌ಗೇಜ್ ವಿಭಾಗಗಳಲ್ಲಿ ಆ ಅಧಿಕಾರ ಒಂದು ಉಕ್ಕಿನ ಚೆಂಡು. ನೀಲ್ ಟೋಕನ್ ಯಂತ್ರ ಎಂದು ಹೆಸರು. ಎರಡು ನಿಲ್ದಾಣಗಳಲ್ಲಿ ಒಂದೊಂದು ಯಂತ್ರ, ನಡುವೆ ತಂತಿ. ಎರಡೂ ಕಡೆಯ ಮಾಸ್ತರರು ಒಪ್ಪಿದರೆ ಮಾತ್ರ ಒಂದು ಚೆಂಡು ಹೊರಗೆ ಬರುತ್ತದೆ. ಅದು ಮುಂದಿನ ನಿಲ್ದಾಣದ ಯಂತ್ರದೊಳಗೆ ಬೀಳುವ ತನಕ ಆ ವಿಭಾಗಕ್ಕೆ ಇನ್ನೊಂದು ಚೆಂಡು ಯಾವ ತುದಿಯಿಂದಲೂ ಹೊರಡುವುದಿಲ್ಲ. ಬೆತ್ತದ ಬಳೆಗೆ ಕಟ್ಟಿದ ಚರ್ಮದ ಚೀಲದಲ್ಲಿ ಅದನ್ನಿಟ್ಟು ಡ್ರೈವರನ ಕೈಗೆ ಕೊಡುತ್ತಿದ್ದೆವು. ನಿಲ್ಲದೆ ಹೋಗುವ ಗಾಡಿಯಾದರೆ ಅವನು ಆ ಬಳೆಯೊಳಗೆ ತೋಳು ತೂರಿಸಿ ಸೆಳೆದುಕೊಳ್ಳಬೇಕು. ಮೊಳಕೈಯ ಮೇಲೆ ಬಾಸುಂಡೆ ಇಲ್ಲದ ಹಳೆಯ ಫೈರ್‌ಮನ್‌ನನ್ನು ನಾನು ಕಂಡಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ರೈಲ್ವೆಯ ನಿಯಮದಲ್ಲಿ ನಿಲ್ದಾಣಗಳು ಎರಡು ಬಗೆ: ರೈಲಿಗೆ ಮುಂದೆ ಹೋಗುವ ಅಧಿಕಾರ ಕೊಡುವ ಬ್ಲಾಕ್ ನಿಲ್ದಾಣ, ಬ್ಲಾಕ್ ಅಲ್ಲದ್ದು. ಮೊದಲನೆಯದರಲ್ಲಿ ಎ, ಬಿ, ಸಿ ದರ್ಜೆಗಳಿವೆ. ಎರಡನೆಯದು ಡಿ ದರ್ಜೆ. ಡಿ ಎಂದರೆ ಹಾಲ್ಟ್. ರೈಲು ನಿಲ್ಲುತ್ತದೆ, ಜನ ಹತ್ತಿ ಇಳಿಯುತ್ತಾರೆ, ಅಷ್ಟೇ. ಅಲ್ಲಿ ಲೂಪ್ ಇಲ್ಲ, ಕೈಮರ ಇಲ್ಲ, ಮಾಸ್ತರ್ ಇಲ್ಲ. ಟಿಕೆಟ್ ಮಾರಲು ಕಮಿಷನ್ ಮೇಲೆ ಒಬ್ಬ ಹಾಲ್ಟ್ ಏಜೆಂಟ್ ಇದ್ದರೆ ಇದ್ದ.

ಹಳಿ ಅಗಲವಾದಾಗ ಏನಾಗುತ್ತದೆ? ನ್ಯಾರೋಗೇಜ್‌ನ ಗಾಡಿ ಗಿಡ್ಡ, ಆದ್ದರಿಂದ ಲೂಪ್ ಕೂಡ ಗಿಡ್ಡ. ಬ್ರಾಡ್‌ಗೇಜ್‌ನ ಪೂರ್ಣ ಉದ್ದದ ಗೂಡ್ಸ್ ಗಾಡಿ ನಿಲ್ಲಬೇಕಾದರೆ ಸುಮಾರು 700 ಮೀಟರ್ ಲೂಪ್ ಬೇಕು. ಜೊತೆಗೆ ಹೊಸ ಸಿಗ್ನಲ್ ವ್ಯವಸ್ಥೆ, ಮೂರು ಪಾಳಿಗೆ ಸಿಬ್ಬಂದಿ, ಅವರಿಗೆ ವಸತಿ. ಗಾಡಿಯ ವೇಗ ಹೆಚ್ಚಿದರೆ ಅಷ್ಟೊಂದು ಹತ್ತಿರ ಹತ್ತಿರ ಕ್ರಾಸಿಂಗ್‌ಗಳೂ ಬೇಕಿಲ್ಲ. ಹೀಗಾಗಿ ಕೆಲವನ್ನು ಕ್ರಾಸಿಂಗ್ ಆಗಿ ಉಳಿಸಿಕೊಂಡು ಮಿಕ್ಕವನ್ನು ಹಾಲ್ಟ್ ಮಾಡುತ್ತಾರೆ. ನಂದಿಯ ಹೆಸರಿನ ಪಕ್ಕದಲ್ಲಿ ಹಾಲ್ಟ್ ಎಂದು ಬರೆದಿರುವುದು ಅಲಂಕಾರಕ್ಕಲ್ಲ. ಮಾಸ್ತರನೇ ಇಲ್ಲದ ಮೇಲೆ ಮಾಸ್ತರನ ಕೋಣೆಗೆ ಬೀಗವಲ್ಲದೆ ಇನ್ನೇನು?

ಚಿಂತಾಮಣಿಯವ

ಮಾಸ್ತರರೇ, ವಿವರಣೆ ಅದ್ಭುತ. ಆದರೆ ಜನ ತುಂಬಿ ತುಳುಕುತ್ತಿದ್ದರೆ ರೈಲ್ವೆಯವರು ನಿಲ್ದಾಣವನ್ನು ಹಾಲ್ಟ್ ಮಾಡುತ್ತಿದ್ದರೇ?

ನಿವೃತ್ತ ಮಾಸ್ತರ್

ಮಾಡುತ್ತಿದ್ದರು. ಜನಸಂದಣಿಗೂ ಬ್ಲಾಕ್ ದರ್ಜೆಗೂ ಸಂಬಂಧವಿಲ್ಲ. ಅದೇ ಮಾರ್ಗದಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಹಾಲ್ಟ್ 2021ರ ಜನವರಿಯಲ್ಲಿ ಶುರುವಾಯಿತು. ವಿಮಾನ ಹತ್ತುವವರಿಗೆಂದು ಮಾಡಿದ್ದು, ಆದರೂ ಹಾಲ್ಟೇ. ಹಾಗೆಯೇ ಸುತ್ತಮುತ್ತ ಮನೆಯೇ ಕಾಣದ ಬಯಲಿನಲ್ಲಿ, ದಿನಕ್ಕೆ ಹತ್ತು ಟಿಕೆಟ್ ಮಾರದ ಜಾಗದಲ್ಲಿ, ಬರೀ ಕ್ರಾಸಿಂಗ್‌ಗಾಗಿ ಪೂರ್ಣ ಸಿಬ್ಬಂದಿ ಇರುವ ನಿಲ್ದಾಣಗಳು ಬೇಕಾದಷ್ಟಿವೆ.

ಅಂಚೆಚೀಟಿ

ನಂದಿ ನಿಲ್ದಾಣದಲ್ಲಿ ಮಹಾತ್ಮ ಗಾಂಧಿಯವರು ಇಳಿದಿದ್ದರು ಎಂದು ಕೇಳಿದ್ದೇನೆ. ಅದನ್ನೂ ಇತಿಹಾಸಕ್ಕೆ ಸೇರಿಸಿಕೊಳ್ಳಿ.

ಗೂಡ್ಸ್‌ಶೆಡ್

ಗಾಂಧೀಜಿ 1927ರಲ್ಲಿ ಆರೋಗ್ಯ ಕೆಟ್ಟಾಗ ವಿಶ್ರಾಂತಿಗೆಂದು ನಂದಿಬೆಟ್ಟದಲ್ಲಿ ತಂಗಿದ್ದರು, 1936ರಲ್ಲಿ ಮತ್ತೆ ಬಂದರು. ಇಷ್ಟು ದಾಖಲೆಯ ಮಾತು. ಬೆಟ್ಟಕ್ಕೆ ಬಂದವರೆಲ್ಲ ಬೆಟ್ಟದ ಹೆಸರಿನ ನಿಲ್ದಾಣದಲ್ಲೇ ಇಳಿದಿರಬೇಕು ಎಂಬುದು ನಮ್ಮ ಆಸೆ. ಮೋಟಾರು ಕಾರೂ ಆ ಕಾಲಕ್ಕೆ ಬಂದಿತ್ತು. ಇಂಥ ದಿನ, ಇಂಥ ಗಾಡಿ ಎಂದು ಆ ಕಾಲದ ಪತ್ರಿಕೆಯನ್ನೋ ಪತ್ರವನ್ನೋ ಯಾರಾದರೂ ತೋರಿಸಲಿ, ಸಂತೋಷವಾಗಿ ಸೇರಿಸೋಣ. ಅಲ್ಲಿಯವರೆಗೆ ಫಲಕದ ಮೇಲೆ ಬರೆಸುವುದು ಬೇಡ. ಒಮ್ಮೆ ಕಲ್ಲಿನಲ್ಲಿ ಕೆತ್ತಿದರೆ ಮುಂದಿನವರು ಅದನ್ನೇ ಸಾಕ್ಷಿ ಎನ್ನುತ್ತಾರೆ.

ಅಂಚೆಚೀಟಿ

ಊರಿನ ಹಿರಿಯರ ಮಾತಿಗೆ ಬೆಲೆಯೇ ಇಲ್ಲವೇ ಸ್ವಾಮಿ?

ಗೂಡ್ಸ್‌ಶೆಡ್

ಬಹಳ ಬೆಲೆ ಇದೆ, ಆದರೆ ಬೇರೆ ವಿಷಯಗಳಿಗೆ. ಯಾವ ಗಾಡಿಗೆ ಯಾವ ಅಡ್ಡಹೆಸರು, ಸರಕಿನ ರಾಶಿ ಎಲ್ಲಿ ಬೀಳುತ್ತಿತ್ತು, ಇಂಜಿನ್ನಿಗೆ ನೀರು ಯಾವ ಬಾವಿಯಿಂದ, ಮಾಸ್ತರನ ಮನೆಗೆ ಹಾಲು ಹಾಕುತ್ತಿದ್ದವರು ಯಾರು. ಇವು ಯಾವ ಕಡತದಲ್ಲೂ ಸಿಗುವುದಿಲ್ಲ, ಹಿರಿಯರ ಬಾಯಲ್ಲೇ ಸಿಗಬೇಕು. ದೊಡ್ಡವರು ಇಳಿದ ಕಥೆ ಮಾತ್ರ ಎಲ್ಲ ಊರುಗಳಲ್ಲೂ ಸಿಗುತ್ತದೆ.

ಸುಣ್ಣಗಾರೆ

ಹಳೆಯ ಕಟ್ಟಡಗಳ ದುರಸ್ತಿ ನನ್ನ ವೃತ್ತಿ. ಮಾಸ್ತರರು ಹೇಳಿದ್ದಕ್ಕೆ ಕಟ್ಟಡದ ಕಡೆಯಿಂದ ಒಂದು ಕಾರಣ ಸೇರಿಸುತ್ತೇನೆ.

ನ್ಯಾರೋಗೇಜ್ ನಿಲ್ದಾಣದಲ್ಲಿ ಪ್ಲಾಟ್‌ಫಾರ್ಮ್ ಎಂದರೆ ಬಹುಮಟ್ಟಿಗೆ ಹಳಿಯ ಮಟ್ಟಕ್ಕೆ ಹಾಸಿದ ಗರಸು. ಬೋಗಿಯೇ ತಗ್ಗು, ಎತ್ತರದ ಜಗಲಿ ಬೇಕಿರಲಿಲ್ಲ. ಬ್ರಾಡ್‌ಗೇಜ್‌ನಲ್ಲಿ ತಗ್ಗು ಪ್ಲಾಟ್‌ಫಾರ್ಮ್ ಎಂದರೂ ಹಳಿಯಿಂದ 455 ಮಿ.ಮೀ., ಎತ್ತರದ್ದಾದರೆ 760ರಿಂದ 840 ಮಿ.ಮೀ. ಹಳೆಯ ಕಟ್ಟಡದ ಮುಂದೆ ಅಷ್ಟು ಎತ್ತರದ ಪ್ಲಾಟ್‌ಫಾರ್ಮ್ ಕಟ್ಟಿದರೆ ಬಾಗಿಲ ಹೊಸ್ತಿಲು ಹೂತುಹೋಗುತ್ತದೆ, ಮಳೆನೀರು ಒಳಗೆ ನುಗ್ಗುತ್ತದೆ. ಹಳಿಯಿಂದ ಕಟ್ಟಡಕ್ಕೆ ಇರಬೇಕಾದ ಅಂತರವೂ ಹೆಚ್ಚಾಗುತ್ತದೆ. ಹಾಗಾಗಿ ಎಂಜಿನಿಯರುಗಳು ಹಳೆಯದನ್ನು ಬಳಸುವ ಗೋಜಿಗೆ ಹೋಗದೆ ಪಕ್ಕದಲ್ಲಿ ಹೊಸದೊಂದು ಕಾಂಕ್ರೀಟ್ ಡಬ್ಬಿ ಕಟ್ಟಿಬಿಡುತ್ತಾರೆ. ಹಳೆಯದನ್ನು ಕೆಡವುವುದಕ್ಕೆ ಹಣ ಮಂಜೂರಾಗಿರುವುದಿಲ್ಲ. ಅನೇಕ ಪಾರಂಪರಿಕ ನಿಲ್ದಾಣಗಳು ಉಳಿದಿರುವುದು ಯಾರದೋ ಪ್ರೀತಿಯಿಂದಲ್ಲ, ಈ ಆಲಸ್ಯದ ಕೃಪೆಯಿಂದ.

ನಂದಿಯ ಹಳೆಯ ಕಟ್ಟಡವನ್ನು ಪಾರಂಪರಿಕ ಕಟ್ಟಡಗಳನ್ನು ಉಳಿಸುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ವಿಭಾಗದವರು ದುರಸ್ತಿ ಮಾಡಿದ್ದಾರೆ. ಇಂಥ ಕೆಲಸದಲ್ಲಿ ದೊಡ್ಡ ಶತ್ರು ಸಿಮೆಂಟು. ಸುಣ್ಣದ ಗಾರೆಯ ಕಲ್ಲುಗೋಡೆ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಗಾರೆಯನ್ನು ಪುಡಿ ಮಾಡುತ್ತದೆ. ಊರಿನ ಉತ್ಸಾಹಿಗಳು ಚಂದಾ ಎತ್ತಿ ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ಗುಲಾಬಿ ಬಣ್ಣ ಹೊಡೆಸುವ ಮೊದಲು ಯಾರನ್ನಾದರೂ ಒಂದು ಮಾತು ಕೇಳಿ ಎಂದು ಕೈಮುಗಿದು ಬೇಡುತ್ತೇನೆ.

ಮತ್ತೊಂದು: ಸೂರಿನ ಕಂಬ, ಬೇಲಿಯ ಕಂಬಗಳನ್ನು ನೋಡಿ. ಬಹಳ ಕಡೆ ಅವು ಹಳೆಯ ಹಳಿಯ ತುಂಡುಗಳೇ. ಹಳಿಯ ಹೊಟ್ಟೆಯ ಮೇಲೆ ತಯಾರಕರ ಹೆಸರು, ತೂಕ, ಇಸವಿ ಉಬ್ಬಕ್ಷರದಲ್ಲಿ ಇರುತ್ತದೆ. ಬಣ್ಣದ ಪದರದ ಮೇಲೂ ಬೆರಳಾಡಿಸಿದರೆ ತಿಳಿಯುತ್ತದೆ.

ಹಳಿಪಥಿಕ

ಹಳಿಯ ಮೇಲಿನ ಇಸವಿಯಿಂದ ನಿಲ್ದಾಣದ ಇಸವಿ ಹೇಳಬಹುದೇ?

ಸುಣ್ಣಗಾರೆ

ಬೇಡ. ಅದು ಉಕ್ಕಿನ ಕಾರ್ಖಾನೆಯಲ್ಲಿ ಹಳಿ ಉರುಳಿದ ವರ್ಷ. ಮುಖ್ಯ ಮಾರ್ಗದಲ್ಲಿ ಸವೆದ ಹಳಿಯನ್ನು ಕವಲು ಮಾರ್ಗಕ್ಕೂ, ಅಲ್ಲಿಯೂ ಸವೆದದ್ದನ್ನು ಬೇಲಿಗೂ ಹಾಕುವುದು ರೈಲ್ವೆಯ ಪದ್ಧತಿ. ಕಂಬದ ಮೇಲೆ 1890ರ ದಶಕದ ಇಸವಿ ಕಂಡರೆ ನಿಲ್ದಾಣವೂ ಅಷ್ಟು ಹಳೆಯದು ಎಂದು ಹಿಗ್ಗಬೇಡಿ.

ಹಾಗೆಂದು ಇಸವಿ ಹುಡುಕಲು ಹಳಿ ದಾಟಿ ಓಡಾಡಲೂ ಬೇಡಿ. ಬಳಕೆಯಲ್ಲಿ ಇಲ್ಲದ ಕಟ್ಟಡವೂ ರೈಲ್ವೆಯ ಸ್ವತ್ತೇ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಸಜೆ ಅಥವಾ ದಂಡ. ಅರ್ಜಿ ಕೊಟ್ಟು ಅನುಮತಿ ಪಡೆದರೆ ಒಳಗಿನ ಕೋಣೆಗಳನ್ನೂ ನೋಡಬಹುದು.

ಗಡಿನಾಡು

ಹಳಿಯೇ ಕಿತ್ತುಹೋದ ಕಥೆ ಬೇಕೆಂದರೆ ಹೊಸೂರಿನ ಕಡೆ ನೋಡಿ. ಮೊರಪ್ಪೂರಿನಿಂದ ಧರ್ಮಪುರಿಗೆ, ಅಲ್ಲಿಂದ ಹೊಸೂರಿಗೆ ಇದೇ ಎರಡೂವರೆ ಅಡಿಯ ನ್ಯಾರೋಗೇಜ್ ಇತ್ತು. 1941ರಲ್ಲಿ ನಿಂತಿತು. ಎರಡನೇ ಮಹಾಯುದ್ಧಕ್ಕೆ ಹಳಿ ಬೇಕೆಂದು ದೇಶದ ಹಲವು ಕವಲು ಮಾರ್ಗಗಳನ್ನು ಕಿತ್ತ ಕಾಲ ಅದು. ಕೇರಳದ ಶೊರನೂರು–ನಿಲಂಬೂರು ಮಾರ್ಗವನ್ನೂ ಅದೇ ವರ್ಷ ಕಿತ್ತರು, ಸ್ವಾತಂತ್ರ್ಯದ ನಂತರ ಮತ್ತೆ ಹಾಸಿದರು. ಹೊಸೂರಿನದು ಹಾಗೆ ಮರಳಲಿಲ್ಲ. 1960ರ ದಶಕದಲ್ಲಿ ಸೇಲಂ–ಬೆಂಗಳೂರು ಮೀಟರ್‌ಗೇಜ್ ಬಂದಾಗಲೇ ಆ ಊರಿಗೆ ಮತ್ತೆ ರೈಲಿನ ಮುಖ ಕಂಡಿದ್ದು.

ಇದನ್ನು ನೋಡಿದರೆ ಚಿಕ್ಕಬಳ್ಳಾಪುರದ ಪುಟ್ಟ ಹಳಿ 1990ರ ದಶಕದವರೆಗೂ ಬದುಕಿದ್ದೇ ಅಚ್ಚರಿ. ಈ ಮಾತನ್ನು ಯಾರೂ ಎತ್ತಲಿಲ್ಲ.

ಚಿಂತಾಮಣಿಯವ

ಬದುಕಿತ್ತು, ನಿಜ. ಹೇಗೆ ಬದುಕಿತ್ತು ಎಂದೂ ಹೇಳಬೇಕಲ್ಲ. 1992ರಲ್ಲಿ ಕೇಂದ್ರ ಸರ್ಕಾರ ಏಕರೂಪ ಗೇಜ್ ಯೋಜನೆ ಘೋಷಿಸಿತು. ಯಲಹಂಕ–ಚಿಕ್ಕಬಳ್ಳಾಪುರದ ಭಾಗ ಬೇಗ ಅಗಲವಾಯಿತು. ಬಂಗಾರಪೇಟೆ–ಕೋಲಾರದ ಭಾಗವೂ ಅಗಲವಾಗಿ, ಅಲ್ಲಿ ಬಸ್ಸಿನಂಥ ಒಂದೇ ಗಾಡಿಯ ರೈಲ್‌ಬಸ್ ಓಡುತ್ತಿತ್ತು. ನಮ್ಮ ಶಿಡ್ಲಘಟ್ಟ–ಚಿಂತಾಮಣಿ–ಶ್ರೀನಿವಾಸಪುರ ಭಾಗ ಮಾತ್ರ ನಡುವೆ ಸಿಕ್ಕಿಕೊಂಡಿತು. ಚಿಕ್ಕಬಳ್ಳಾಪುರ–ಕೋಲಾರದ ಬ್ರಾಡ್‌ಗೇಜ್ ಮುಗಿದದ್ದು 2013ರಲ್ಲಿ. ಮಾಸ್ತರರ ಕ್ರಾಸಿಂಗ್ ವಾದ ದೇವನಹಳ್ಳಿಯ ಕಡೆಗೆ ಸರಿ ಇರಬಹುದು. ನಮ್ಮ ಕಡೆ ರೈಲು ಇಲ್ಲದ ವರ್ಷಗಳಲ್ಲಿ ಒಂದು ಇಡೀ ತಲೆಮಾರು ಬಸ್ಸಿನಲ್ಲೇ ಓದಿ, ಕೆಲಸಕ್ಕೆ ಸೇರಿ, ಮದುವೆಯಾಯಿತು. ಹಳಿ ಬಂದಾಗ ಅವರಿಗೆ ನಿಲ್ದಾಣ ಯಾವ ದಿಕ್ಕಿನಲ್ಲಿದೆ ಎಂಬುದೂ ನೆನಪಿರಲಿಲ್ಲ.

ನಿವೃತ್ತ ಮಾಸ್ತರ್

ಇದು ತೂಕದ ಮಾತು. ಗೇಜ್ ಬದಲಾವಣೆಗೆಂದು ಗಾಡಿ ನಿಲ್ಲಿಸುವಾಗ ಹಳೆಯ ಪ್ರಯಾಣಿಕ ಕಾದುಕೊಂಡಿರುತ್ತಾನೆ ಎಂದು ಇಲಾಖೆ ನಂಬುತ್ತದೆ. ಅವನು ಕಾಯುವುದಿಲ್ಲ. ಇಲ್ಲಿ ಲಾರಿ, ಬಸ್ಸುಗಳಿಗಿಂತ ಆ ಖಾಲಿ ವರ್ಷಗಳ ಪಾಲು ದೊಡ್ಡದು ಎಂದರೆ ನೀವು ಒಪ್ಪುತ್ತೀರಾ?

ಚಿಂತಾಮಣಿಯವ

ಪ್ರಯಾಣಿಕರ ವಿಷಯದಲ್ಲಿ ಒಪ್ಪುತ್ತೇನೆ. ಸರಕಿನ ವಿಷಯದಲ್ಲಿ ತಾತನ ಮಾತೇ ಸರಿ.

ಅಂಚೆಚೀಟಿ

ನನ್ನ ಬಳಿ ರಟ್ಟಿನ ಟಿಕೆಟ್‌ಗಳ ಸಂಗ್ರಹವಿದೆ, ಈ ಮಾರ್ಗದವೂ ಕೆಲವು ಇವೆ. ಅವುಗಳಿಂದ ಇತಿಹಾಸಕ್ಕೆ ಉಪಯೋಗವಿದೆಯೇ? ಅಥವಾ ಇದಕ್ಕೂ ಗೂಡ್ಸ್‌ಶೆಡ್ ಅವರು ಸಾಕ್ಷಿ ಕೇಳುತ್ತಾರೆಯೇ?

ಗೂಡ್ಸ್‌ಶೆಡ್

ಅವೇ ಸಾಕ್ಷಿ! ಆ ಟಿಕೆಟ್‌ಗೆ ಎಡ್ಮಂಡ್ಸನ್ ಟಿಕೆಟ್ ಎಂದು ಹೆಸರು. ಥಾಮಸ್ ಎಡ್ಮಂಡ್ಸನ್ ಎಂಬ ಇಂಗ್ಲೆಂಡಿನ ಸ್ಟೇಷನ್ ಮಾಸ್ತರ್ 1830ರ ದಶಕದ ಕೊನೆಯಲ್ಲಿ ರೂಪಿಸಿದ್ದು, ಸುಮಾರು 57 ಮಿ.ಮೀ. ಉದ್ದ, 30 ಮಿ.ಮೀ. ಅಗಲ. ಪ್ರತಿಯೊಂದಕ್ಕೂ ಕ್ರಮಸಂಖ್ಯೆ. ದಿನದ ಕೊನೆಗೆ ಮೊದಲ ಸಂಖ್ಯೆಯನ್ನು ಕೊನೆಯ ಸಂಖ್ಯೆಯಿಂದ ಕಳೆದರೆ ಎಷ್ಟು ಮಾರಾಟವಾಯಿತು ಎಂಬ ಲೆಕ್ಕ ಸಿಗುತ್ತಿತ್ತು. ದಿನಾಂಕ ಒತ್ತಿದ ಟಿಕೆಟ್ ಒಂದಿದ್ದರೆ ಅಂದು ಆ ಎರಡು ಊರುಗಳ ನಡುವೆ ಗಾಡಿ ಇತ್ತು, ದರ ಇಷ್ಟಿತ್ತು ಎಂಬುದು ಖಚಿತ. ಎರಡೂ ಬದಿಯ ಚಿತ್ರ ತೆಗೆದು ಹಾಕಿ. ಮೇಲೆ ಅಚ್ಚಾದ ರೈಲ್ವೆಯ ಹೆಸರನ್ನೂ ಗಮನಿಸಿ. ಮೈಸೂರು ಸಂಸ್ಥಾನದ ರೈಲ್ವೆ 1951ರ ಏಪ್ರಿಲ್ 14ರಂದು ದಕ್ಷಿಣ ರೈಲ್ವೆಯಲ್ಲಿ ಸೇರಿತು. ಹುಬ್ಬಳ್ಳಿಯ ನೈಋತ್ಯ ರೈಲ್ವೆ ಬಂದದ್ದು 2003ರಲ್ಲಿ. ಹಳೆಯ ಮುದ್ರಣ ಮುಗಿಯುವವರೆಗೆ ಹಳೆಯ ಹೆಸರಿನ ಟಿಕೆಟ್‌ಗಳನ್ನೇ ಮಾರಿರುವ ಸಾಧ್ಯತೆಯೂ ಉಂಟು, ಆದ್ದರಿಂದ ಒತ್ತಿದ ದಿನಾಂಕವೇ ಮುಖ್ಯ.

ಹಳಿಪಥಿಕರಿಗೆ ಒಂದು ಸೂಚನೆ. ಮಾರ್ಗ ಹೇಗೆ ಬಂತು ಎಂಬುದಕ್ಕೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ನೋಡಿ. 1881ರಿಂದ ನಡೆದ ಈ ಸಭೆಯಲ್ಲಿ ತಾಲ್ಲೂಕಿನ ಪ್ರತಿನಿಧಿಗಳು ಎದ್ದು ನಿಂತು ರಸ್ತೆ, ಕೆರೆ, ರೈಲು ಎಂದು ಬೇಡಿಕೆ ಇಡುತ್ತಿದ್ದರು. ಸರ್ಕಾರದ ಉತ್ತರವೂ ಜೊತೆಗೇ ಅಚ್ಚಾಗಿರುತ್ತದೆ. ವರ್ಷದ ಆಡಳಿತ ವರದಿಗಳಲ್ಲಿ ರೈಲ್ವೆಗೆ ಪ್ರತ್ಯೇಕ ಅಧ್ಯಾಯವೇ ಇರುತ್ತದೆ. ರಾಜ್ಯ ಪತ್ರಾಗಾರದಲ್ಲಿ ಕೇಳಿ ನೋಡಿ.

ಹಳಿಪಥಿಕ

ಕೇಳಿದ್ದಕ್ಕಿಂತ ಹೆಚ್ಚು ಸಿಕ್ಕಿತು. ಮಾಸ್ತರರ ವಾದ ನನಗೆ ಒಪ್ಪಿಗೆಯಾಗಿದೆ: ಕಟ್ಟಡದ ಕೆಲಸ ಹೋದದ್ದು ಲೂಪ್ ಹೋದಾಗ. ಇನ್ನು ಉಳಿಸುವ ವಿಷಯ. ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ನಿಲ್ದಾಣವನ್ನು ವಸ್ತುಸಂಗ್ರಹಾಲಯ ಮಾಡಿದ ಹಾಗೆ ಇವನ್ನೂ ಮಾಡಬಾರದೇಕೆ?

ಸುಣ್ಣಗಾರೆ

ಅರಸಾಳಿಗೆ ದೂರದರ್ಶನದ 'ಮಾಲ್ಗುಡಿ ಡೇಸ್' ಧಾರಾವಾಹಿಯ ಕೀರ್ತಿ ಇದೆ, ಜನ ಹುಡುಕಿಕೊಂಡು ಹೋಗುತ್ತಾರೆ. ಎಲ್ಲ ನಿಲ್ದಾಣವೂ ವಸ್ತುಸಂಗ್ರಹಾಲಯವಾದರೆ ಎಲ್ಲದರಲ್ಲೂ ಅದೇ ಕಂದೀಲು, ಅದೇ ಹಸಿರು ಬಾವುಟ. ಆರು ತಿಂಗಳ ನಂತರ ಮತ್ತೆ ಬೀಗ. ದಿನಬಳಕೆ ಇದ್ದರೆ ಮಾತ್ರ ಹೆಂಚು ಸರಿಯುವುದು ಯಾರ ಕಣ್ಣಿಗಾದರೂ ಬೀಳುತ್ತದೆ. ವಾಚನಾಲಯವೋ, ಹಾಲು ಸಂಘವೋ, ಏನಾದರೂ ಸರಿ.

ನಿವೃತ್ತ ಮಾಸ್ತರ್

ಅದಕ್ಕೂ ಮೊದಲು ಒಂದು. ಮಾಸ್ತರನ ಕೋಣೆಯಲ್ಲಿ ಗೋಡೆಗೆ ಹುದುಗಿಸಿದ ಕಬ್ಬಿಣದ ತಿಜೋರಿ ಇರುವ ಸಾಧ್ಯತೆ ಇದೆ, ಕಿಟಕಿಯ ಕೆಳಗೆ ಕೈಮರದ ತಂತಿ ಹೊರಗೆ ಹೋಗುತ್ತಿದ್ದ ರಂಧ್ರವೂ ಇರಬಹುದು. ದುರಸ್ತಿಯವರು ಆ ರಂಧ್ರವನ್ನು ಬಿರುಕು ಎಂದುಕೊಂಡು ಮುಚ್ಚಿಬಿಡುತ್ತಾರೆ. ಯಾವುದಾದರೂ ಕಟ್ಟಡಕ್ಕೆ ಅನುಮತಿ ಸಿಕ್ಕಿದರೆ ನನ್ನನ್ನೂ ಕರೆಯಿರಿ, ಯಾವುದನ್ನು ಮುಟ್ಟಬಾರದು ಎಂದು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಡುತ್ತೇನೆ.

ಹಳಿಪಥಿಕ

ಆವತಿಹಳ್ಳಿಯ ಕಟ್ಟಡಕ್ಕಾಗಿ ಅರ್ಜಿ ಬರೆಯುತ್ತಿದ್ದೇನೆ. ಸುಣ್ಣಗಾರೆಯವರೂ ಬರುವುದಾದರೆ ಹೆಸರು ಸೇರಿಸುತ್ತೇನೆ. ಚಿಂತಾಮಣಿಯವರೇ, ನಿಮ್ಮ ತಾತನ ಮಂಡಿಯ ಲೆಕ್ಕದ ಪುಸ್ತಕಗಳು ಮನೆಯಲ್ಲಿ ಉಳಿದಿದ್ದರೆ ರೈಲ್ವೆ ರಸೀದಿಗಳು ಅದರಲ್ಲಿ ಸಿಗಬಹುದು. ದಯವಿಟ್ಟು ಅಟ್ಟದ ಮೇಲೆ ಒಮ್ಮೆ ನೋಡಿ.

ಚಿಂತಾಮಣಿಯವ

ಪುಸ್ತಕಗಳು ಇವೆ. ತೆಲುಗಿನಲ್ಲಿವೆ, ಅದೂ ಮೋಡಿ ಬರಹ. ಓದುವವರನ್ನು ನೀವೇ ಕರೆತರಬೇಕು.